ಖಣಿ ನೀರಿನ ಊರಲ್ಲಿ ಈಜುಡುಗೆಯ ಮಾತು

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬೀಳುತ್ತಲೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಖಾಸಗಿ ಶಾಲೆಗಳ ಗೇಟಿಗೆ ಬೇಸಿಗೆ ಶಿಬಿರದ ಬ್ಯಾನರ್ ಏರುತ್ತದೆ. ಚಿತ್ರಕಲೆ, ಯೋಗ, ಕರಾಟೆ, ಡಾನ್ಸ್, ಸ್ಪೋಕನ್ ಇಂಗ್ಲಿಷ್ ಎಲ್ಲ ಕಡೆಯೂ ಇರುತ್ತವೆ. ಸ್ವಲ್ಪ ಅನುಕೂಲವಿದ್ದ ಶಿಬಿರವಾದರೆ ಹೈದರಾಬಾದಿನ ವಾಟರ್ ಪಾರ್ಕಿಗೆ ಒಂದು ದಿನದ ಪ್ರವಾಸ, ಇಲ್ಲವೇ ಈಜುಕೊಳದಲ್ಲಿ ನಾಲ್ಕಾರು ದಿನದ ತರಬೇತಿ. ಬಿಸಿಲಿಗೆ ಅಂಜಿ ಈ ಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆಗೆ ಬದಲಾಗುತ್ತವೆ. ಶಿಬಿರಗಳೂ ಅಷ್ಟೇ, ನಸುಕಿಗೆ ಶುರುವಾಗಿ ನೆತ್ತಿಗೆ ಬಿಸಿಲು ಬರುವ ಮುಂಚೆ ಮುಗಿಯುತ್ತವೆ. ಶುಲ್ಕ ಕಟ್ಟಿದ ದಿನ ಪಾಲಕರ ಕೈಗೆ ಒಂದು ಚೀಟಿ ಬರುತ್ತದೆ. ಈಗೀಗ ಅದು ವಾಟ್ಸ್‌ಆ್ಯಪ್‌ಗೇ ಬರುತ್ತದೆ. ಬಟ್ಟೆಯ ಬಗ್ಗೆ ಅದರಲ್ಲಿ ಸಾಮಾನ್ಯವಾಗಿ ಮೂರು ಸಾಲು ಇರುತ್ತವೆ. ಶಿಬಿರದ ಟೀ ಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟ್ ಕಡ್ಡಾಯ. ಮಕ್ಕಳು ಸಭ್ಯ ಉಡುಪಿನಲ್ಲಿ ಬರಬೇಕು. ನೀರಿಗಿಳಿಯುವ ದಿನ ಕಾಟನ್ ಬಟ್ಟೆಗೆ ಅವಕಾಶವಿಲ್ಲ, ಸ್ವಿಮ್ಮಿಂಗ್ ಕಾಸ್ಟ್ಯೂಮ್ ಕಡ್ಡಾಯ.

ವಿಮರ್ಶೆ ಬರೆಯುವವರು ಪುಸ್ತಕ, ನಾಟಕ ಕೈಗೆತ್ತಿಕೊಳ್ಳುತ್ತಾರೆಯೇ ಹೊರತು ಇಂಥ ಚೀಟಿಯನ್ನಲ್ಲ. ಆದರೆ ಈ ಮೂರು ಸಾಲುಗಳು ಎಷ್ಟೋ ಮಕ್ಕಳ ಬೇಸಿಗೆಯನ್ನು, ಅದರಲ್ಲೂ ಹತ್ತು ದಾಟಿದ ಹುಡುಗಿಯರ ಬೇಸಿಗೆಯನ್ನು ನಿರ್ಧರಿಸುತ್ತವೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯ ಸಾಲು ಪ್ರಾಯೋಜಕರಿಗಾಗಿ ಬರೆದದ್ದು, ಎರಡನೆಯದು ಓಣಿಯ ಮಂದಿಗಾಗಿ, ಮೂರನೆಯದು ಕೊಳದ ಫಿಲ್ಟರಿಗಾಗಿ. ಕೊನೆಯದಕ್ಕಷ್ಟೇ ಗಟ್ಟಿ ಕಾರಣವಿದೆ, ಮತ್ತು ಆ ಕಾರಣವನ್ನು ಯಾರೂ ಪಾಲಕರಿಗೆ ಬಿಡಿಸಿ ಹೇಳುವುದಿಲ್ಲ.

ಟೀ ಶರ್ಟಿನ ಮಾತು ಬೇಗ ಮುಗಿಸೋಣ. ನಲವತ್ತೆರಡು, ನಲವತ್ಮೂರು ಡಿಗ್ರಿ ಬಿಸಿಲು ಈ ಸಿಮೆಂಟ್ ಪಟ್ಟಣಗಳಿಗೆ ಹೊಸದಲ್ಲ. ತೆಳುವಾದ, ತಿಳಿ ಬಣ್ಣದ, ಸಡಿಲ ಹತ್ತಿ ಬಟ್ಟೆ ತೊಡಿ ಎಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ಬೇಸಿಗೆಯಲ್ಲೂ ಸಾರುತ್ತದೆ. ಶಿಬಿರ ಕೊಡುವುದು ಅಗ್ಗದ ಪಾಲಿಯೆಸ್ಟರ್ ಅಂಗಿ, ಎದೆಯ ಮೇಲೆ ಅಂಗೈ ಅಗಲದ ರಬ್ಬರ್ ಪ್ರಿಂಟು, ಬೆನ್ನಿಗೆ ಕೋಚಿಂಗ್ ಸೆಂಟರಿನ ಹೆಸರು, ಕೆಳಗೆ ಕಪ್ಪು ಟ್ರ್ಯಾಕ್ ಪ್ಯಾಂಟು. ಪ್ರಿಂಟು ಇರುವಷ್ಟು ಜಾಗದಲ್ಲಿ ಗಾಳಿ ಆಡುವುದಿಲ್ಲ. ಬೆವರು ಅಲ್ಲೇ ನಿಂತು ಮಕ್ಕಳು ಕೆರೆದುಕೊಳ್ಳುತ್ತಾರೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಪುಕ್ಕಟೆ ನಡೆಯುವ ಶಿಬಿರಗಳಿಗೆ ಸಮವಸ್ತ್ರ ಕೊಡುವ ಶಕ್ತಿ ಇಲ್ಲ. ಅದರಿಂದಾಗಿ ಅಲ್ಲಿ ಮಕ್ಕಳು ತೊಳೆದು ಮೆತ್ತಗಾದ ಹಳೇ ಅಂಗಿಯಲ್ಲಿ ಬರುತ್ತಾರೆ, ಹೆಚ್ಚು ಹೊತ್ತು ಆಡುತ್ತಾರೆ. ಬಡತನ ಮಾಡಿಸಿದ ಈ ಒಳ್ಳೆಯ ಕೆಲಸವನ್ನು ದುಡ್ಡಿದ್ದ ಶಿಬಿರಗಳು ಬುದ್ಧಿಯಿಂದ ಮಾಡಬಹುದಿತ್ತು.

ಎರಡನೆಯ ಸಾಲು ನೋಡಲು ಸಾಧು. ಸಭ್ಯ ಉಡುಪು ಎಂದರೆ ಯಾರು ತಾನೇ ಬೇಡ ಎನ್ನುತ್ತಾರೆ? ಆದರೆ ಅದರ ಅರ್ಥವನ್ನು ಚೀಟಿ ಹೇಳುವುದಿಲ್ಲ, ಗೇಟಿನಲ್ಲಿ ನಿಂತವರು ಹೇಳುತ್ತಾರೆ. ಬನಿಯನ್ ಮೇಲೆ ಬಂದ ಹುಡುಗನನ್ನು ಯಾರೂ ತಡೆಯುವುದಿಲ್ಲ. ಮಂಡಿ ಕಾಣುವ ಚಡ್ಡಿಯಲ್ಲಿ ಬಂದ ಹನ್ನೊಂದರ ಹುಡುಗಿಗೆ ಮಾತ್ರ ನಾಳೆಯಿಂದ ಲೆಗಿಂಗ್ಸ್ ಹಾಕಿಕೊಂಡು ಬಾ ಎಂಬ ಸೂಚನೆ ಸಿಗುತ್ತದೆ. ಆಕೆ ನಾಳೆ ಬರುತ್ತಾಳೆ, ಲೆಗಿಂಗ್ಸ್ ಹಾಕಿಕೊಂಡೇ ಬರುತ್ತಾಳೆ, ಆದರೆ ಕಬಡ್ಡಿಗೆ ಇಳಿಯುವುದಿಲ್ಲ. ದೊಡ್ಡಾಕಿ ಆಗ್ಯಾಳ ಎನ್ನುವ ಮಾತು ಮನೆಯಲ್ಲಿ ಬರುವ ಮೊದಲೇ ಶಿಬಿರ ಅದನ್ನು ಆಡಿಬಿಟ್ಟಿರುತ್ತದೆ.

ಸಂಘಟಕರನ್ನು ಪೂರ್ತಿ ದೂರುವಂತೆಯೂ ಇಲ್ಲ. ಕರ್ನಾಟಕದಲ್ಲಿ ಬಟ್ಟೆಯ ನಿಯಮ ಎಂದರೆ ಕೈ ಸುಟ್ಟುಕೊಂಡ ಅನುಭವ ಇನ್ನೂ ಹಸಿಯಾಗಿದೆ. ಉಡುಪಿಯ ಕಾಲೇಜಿನಲ್ಲಿ ಹೊತ್ತಿಕೊಂಡ ಹಿಜಾಬ್ ವಿವಾದಕ್ಕೆ 2022ರ ಫೆಬ್ರುವರಿ 5ರಂದು ಸರ್ಕಾರಿ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. 2025ರ ಏಪ್ರಿಲ್‌ನಲ್ಲಿ ಬೀದರ್‌ನ ಸಿಇಟಿ ಕೇಂದ್ರವೊಂದರಲ್ಲಿ ಜನಿವಾರದ ಕಾರಣಕ್ಕೆ ವಿದ್ಯಾರ್ಥಿಯೊಬ್ಬನನ್ನು ಪರೀಕ್ಷೆಗೆ ಬಿಡಲಿಲ್ಲ ಎಂಬ ಗದ್ದಲ ರಾಜ್ಯವನ್ನೆಲ್ಲ ಸುತ್ತಿತು. ಮೈಮೇಲಿನ ಒಂದು ಎಳೆ ದಾರವೂ ಜಗಳಕ್ಕೆ ಸಾಕು ಎಂದು ಗೊತ್ತಿರುವ ಶಿಬಿರದವರು, ಏನನ್ನೂ ಹೇಳದೆ ಎಲ್ಲವನ್ನೂ ಹೇಳಿದಂತೆ ಕಾಣುವ ಸಭ್ಯ ಎಂಬ ಮಾತಿನ ಹಿಂದೆ ಅಡಗಿಕೊಳ್ಳುತ್ತಾರೆ. ಅವರ ಅಂಜಿಕೆ ಅರ್ಥವಾಗುತ್ತದೆ. ಅಂಜಿ ಬರೆದ ನಿಯಮ ಕೆಟ್ಟ ನಿಯಮ ಎಂಬುದೂ ಅಷ್ಟೇ ನಿಜ.

ಇನ್ನು ನೀರು. ಇಲ್ಲಿ ನಿಲ್ಲಬೇಕು, ಏಕೆಂದರೆ ಪಾಲಕರ ತಕರಾರು ನಿಜಕ್ಕೂ ಏಳುವುದು ಇಲ್ಲೇ.

ಕೊಳಕ್ಕೆ ಕಾಟನ್ ಏಕೆ ಬೇಡ ಎಂಬುದಕ್ಕೆ ಉತ್ತರ ಸರಳವಾಗಿದೆ. ಹತ್ತಿಯ ಬಟ್ಟೆ ನೀರು ಕುಡಿಯುತ್ತದೆ, ನೂಲಿನ ತುಣುಕು ಬಿಡುತ್ತದೆ, ಆ ತುಣುಕು ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಬಣ್ಣ ಬಿಡುವ ಬಟ್ಟೆಯಾದರೆ ಇನ್ನೊಂದು ಗೋಳು. ಹೊರಗೆ ಓಡಾಡಿದ ಬಟ್ಟೆಯಲ್ಲಿ ಬೆವರು, ಧೂಳು ಇರುತ್ತವೆ; ಬೆವರಿನ ಜತೆ ಕ್ಲೋರಿನ್ ಸೇರಿದರೆ ಕಣ್ಣು ಉರಿಸುವ, ಮೂಗಿಗೆ ಅಡರುವ ಕ್ಲೋರಮಿನ್ ಆಗುತ್ತದೆ. ಈಜುಕೊಳದ ವಾಸನೆ ಎಂದು ನಾವು ಮೂಗು ಮುಚ್ಚಿಕೊಳ್ಳುವುದು ಬಹುಪಾಲು ಇದಕ್ಕೇ. ಆದ್ದರಿಂದಲೇ ಇಳಿಯುವ ಮುನ್ನ ಮೈ ತೊಳೆದುಕೊಳ್ಳಿ, ಟೋಪಿ ಹಾಕಿ, ನೈಲಾನ್ ಇಲ್ಲವೇ ಲೈಕ್ರಾ ಉಡುಗೆ ತೊಡಿ ಎನ್ನುವುದು. ನೆಲದ ಮೇಲೆ ಹತ್ತಿ, ನೀರಿನಲ್ಲಿ ನೈಲಾನ್ ಇರಬೇಕಾದದ್ದು ಕ್ರಮ. ನಮ್ಮ ಶಿಬಿರಗಳು ನೆಲದ ಮೇಲೆ ಪಾಲಿಯೆಸ್ಟರ್ ತೊಡಿಸಿ, ನೀರಿನ ದಿನ ಮಾತ್ರ ಬಟ್ಟೆಯ ವಿಜ್ಞಾನ ನೆನೆಯುತ್ತವೆ.

ಈ ಕಾರಣದಲ್ಲಿ ಒಂದು ಅಂಶ ಗಮನಿಸಿ. ಅದು ಬಟ್ಟೆಯ ಜಾತಿಯ ಬಗ್ಗೆ ಇದೆ, ಉದ್ದದ ಬಗ್ಗೆ ಇಲ್ಲ. ಮುಂಗೈವರೆಗೆ ತೋಳಿರುವ, ಹರಡಿನವರೆಗೆ ಕಾಲಿರುವ ಲೈಕ್ರಾ ಉಡುಗೆಗೂ ತೊಡೆ ಕಾಣುವ ಉಡುಗೆಗೂ ಫಿಲ್ಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸ್ಪರ್ಧಾ ಈಜಿನಲ್ಲೂ ದೊಡ್ಡ ಜಗಳ ನಡೆದದ್ದು ಬಟ್ಟೆಯ ಗುಣದ ಮೇಲೆಯೇ. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಾಲಿಯುರೆಥೇನ್ ಸೂಟುಗಳು ಈಜುಗಾರರನ್ನು ತೇಲಿಸಿ 43 ವಿಶ್ವದಾಖಲೆ ಬರೆಸಿದ ಮೇಲೆ, 2010ರಿಂದ ನೂಲಿನ ಬಟ್ಟೆಯದ್ದೇ ಇರಬೇಕು, ಗಂಡಸರದ್ದು ಸೊಂಟದಿಂದ ಮಂಡಿವರೆಗೆ, ಹೆಂಗಸರದ್ದು ಭುಜದಿಂದ ಮಂಡಿವರೆಗೆ ಎಂದು ಮಿತಿ ಹಾಕಿದರು. ಅದು ವೇಗದ ಲೆಕ್ಕ. ನಾಲ್ಕು ದಿನ ಕೈಕಾಲು ಬಡಿಯಲು ಕಲಿಯುವ ಚಿತ್ತಾಪುರದ ಹುಡುಗಿಗೆ ಆ ಮಿತಿಯ ಸಂಬಂಧವೇ ಇಲ್ಲ.

ಇಷ್ಟು ಹೇಳಿದ್ದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತಿತ್ತು. ಶಿಬಿರದವರು ಹೇಳುವುದಿಲ್ಲ. ಸ್ವಿಮ್ಮಿಂಗ್ ಕಾಸ್ಟ್ಯೂಮ್ ಕಡ್ಡಾಯ ಎಂದು ಬರೆಯುತ್ತಾರೆ. ಓದಿದ ಪಾಲಕರ ಕಣ್ಣೆದುರಿಗೆ ಸಿನಿಮಾದಲ್ಲಿ ಕಂಡ ಉಡುಗೆ ಬರುತ್ತದೆ. ಮಗಳ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ, ಮಗನ ಹೆಸರು ಉಳಿಯುತ್ತದೆ.

ಹೀಗೆ ಹೆಸರು ತೆಗೆಸುವವರು ಒಂದೇ ಸಮುದಾಯದವರು ಎಂದು ಊರ ಕಟ್ಟೆಯ ಮೇಲೆ ಕೂತು ಹೇಳುವವರಿದ್ದಾರೆ. ಅದು ಸುಳ್ಳು. ಶಹಾಬಾದಿನ ಉರ್ದು ಮಾತಿನ ಮನೆ, ಸೇಡಂನ ಅಂಗಡಿಕಾರರ ಮನೆ, ಚಿಂಚೋಳಿ ಕಡೆಯ ತಾಂಡಾ, ವಾಡಿಯ ರೈಲ್ವೆ ಕ್ವಾರ್ಟರ್ಸು, ಎಲ್ಲೇ ಕೇಳಿದರೂ ಮಾತು ಬೇರೆ ಬೇರೆಯಾಗಿ ಬಂದು ಕೊನೆಗೆ ಒಂದೇ ಕಡೆ ನಿಲ್ಲುತ್ತದೆ: ಯಾಕ್ರಿ ಸುಮ್ನ, ಮಂದಿ ಏನಂತಾರ. ಕೆಲವರಿಗೆ ಧರ್ಮದ ಕಾರಣ ಇರುತ್ತದೆ, ಅದನ್ನು ಅವರು ನೇರವಾಗಿ ಹೇಳುತ್ತಾರೆ. ಕೆಲವರಿಗೆ ರೊಕ್ಕದ ಕಾರಣ ಇರುತ್ತದೆ, ಅದನ್ನು ಹೇಳಲು ನಾಚಿ ಸಂಸ್ಕೃತಿಯ ಮಾತು ತೆಗೆಯುತ್ತಾರೆ. ಉಡುಗೆ, ಟೋಪಿ, ಕನ್ನಡಕ ಸೇರಿದರೆ ಖಣಿ ಕೂಲಿಕಾರನ ಎರಡು ದಿನದ ದುಡಿಮೆ ಹೋಗುತ್ತದೆ. ಇನ್ನು ಕೆಲವು ತಾಯಂದಿರ ಚಿಂತೆ ಹುಡುಗಿ ಬಿಸಿಲಿಗೆ ಕಪ್ಪಾಗುತ್ತಾಳೆ ಎಂಬುದು. ತಮಾಷೆಯೆಂದರೆ, ಉದ್ದ ತೋಳಿನ ಈಜುಡುಗೆಯನ್ನು ಎಲ್ಲ ಧರ್ಮದ ಮನೆಗಳಿಗೂ ತಕರಾರಿಲ್ಲದೆ ತಲುಪಿಸುತ್ತಿರುವುದು ಈ ಕಪ್ಪಾಗುವ ಭಯವೇ. ಎದುರು ದಿಕ್ಕಿನ ಪಾಲಕರೂ ಇದ್ದಾರೆ. ಅಣ್ಣ ಚಡ್ಡಿಯಲ್ಲಿ ಜಿಗಿಯುವಾಗ ತಂಗಿಗೇಕೆ ಇಷ್ಟು ಹೊದಿಕೆ ಎಂದು ಕೇಳುವ ಅಪ್ಪಂದಿರು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಬೇಡಿ.

ಒಂದು ಶಿಬಿರದ ಗೇಟಿನಲ್ಲಿ ಕೇಳಿದ ಮಾತನ್ನು ಇದ್ದ ಹಾಗೇ ಕೊಡುತ್ತೇನೆ. ತಾಯಿ ಹೇಳಿದರು, "ಸರ, ಹುಡುಗಿನ್ನ ನೀರಿಗಿ ಇಳಸ್ರಿ, ಬ್ಯಾಡ ಅನ್ನಲ್ಲ. ಫೋಟೊ ಮಾತ್ರ ಹಾಕಬ್ಯಾಡ್ರಿ." ಸಂಘಟಕರು ನಕ್ಕರು. "ನಮ್ಮ ಗ್ರೂಪಿನ್ಯಾಗಷ್ಟೇ ಹಾಕ್ತೀವಲ್ರಿ ಅಕ್ಕೋರ." ಆಕೆ ನಗಲಿಲ್ಲ. "ಅದೇ ಗ್ರೂಪಿನ್ಯಾಗ ನಮ್ಮ ಭಾವನೋರು ಅದಾರ್ರಿ, ಓಣಿ ಮಂದಿ ಎಲ್ಲಾ ಅದಾರ."

ಆ ತಾಯಿಯ ಎರಡು ಮಾತಿನಲ್ಲಿ ವಿಷಯದ ಗಂಟು ಸಿಗುತ್ತದೆ ಎಂದು ನನಗನ್ನಿಸುತ್ತದೆ. ಪಾಲಕರ ಭಯ ಬಟ್ಟೆಯದು ಎಂದು ನಾವು ತಿಳಿದಿದ್ದೇವೆ. ಬಹಳ ಸಲ ಅದು ಕ್ಯಾಮೆರಾದ ಭಯ. ಹಿಂದೆ ಕೊಳದ ಕಟ್ಟೆಯ ಮೇಲೆ ನಿಂತು ನೋಡುವವರು ಹತ್ತು ಜನ, ಸಂಜೆಗೆ ಮರೆಯುತ್ತಿದ್ದರು. ಈಗ ಶಿಬಿರಕ್ಕೆ ಪ್ರಚಾರ ಬೇಕು, ಪ್ರಚಾರಕ್ಕೆ ದಿನಕ್ಕೆ ನಲವತ್ತು ಫೋಟೊ ಬೇಕು, ಆ ಫೋಟೊ ಒಮ್ಮೆ ಗ್ರೂಪಿಗೆ ಬಿದ್ದರೆ ಎಲ್ಲಿ ಹೋಗಿ ಯಾರ ಮೊಬೈಲಿನಲ್ಲಿ ಕೂರುತ್ತದೋ ಹೇಳುವವರಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರಲ್ಲೇ ಪೋಕ್ಸೊ ಕಾಯ್ದೆ ಬಂದಿದೆ. ಅದರ ಹೆಸರನ್ನು ಶಿಬಿರಗಳು ಉದ್ಘಾಟನೆಯ ಭಾಷಣದಲ್ಲಿ ಹೇಳುತ್ತವೆ, ಭಾಷಣ ಮುಗಿದ ಮೇಲೆ ಒದ್ದೆ ಮೈಯ ಮಕ್ಕಳ ಸಾಲು ನಿಲ್ಲಿಸಿ ಚಿತ್ರ ತೆಗೆಯುತ್ತವೆ. ಉಡುಗೆಯ ನಿಯಮಕ್ಕಿಂತ ಮೊದಲು ಬೇಕಾದ ನಿಯಮ ಇದು: ನೀರಿನ ಹೊತ್ತಿನಲ್ಲಿ ತರಬೇತುದಾರರದ್ದೂ ಸೇರಿ ಎಲ್ಲರ ಮೊಬೈಲ್ ಒಂದು ಪೆಟ್ಟಿಗೆಯಲ್ಲಿ, ಬೀಗದೊಳಗೆ. ಇದನ್ನು ಮಾಡಿ ನೋಡಿದರೆ ಬಟ್ಟೆಯ ಉದ್ದದ ಮೇಲಿನ ತಕರಾರು ಎಷ್ಟು ಕುಗ್ಗುತ್ತದೆ ಎಂದು ತಿಳಿಯುತ್ತದೆ.

ಇನ್ನೊಂದು ಸಣ್ಣ ಸಂಗತಿ, ಗಂಡಸು ಸಂಘಟಕರಿಗೆ ಹೊಳೆಯದ್ದು. ಹುಡುಗಿಯರಿಗೆ ನೀರಿನೊಳಗೆ ನಾಚಿಕೆ ಇಲ್ಲ, ನೀರು ಕತ್ತಿನವರೆಗೆ ಇರುತ್ತದೆ. ನಾಚಿಕೆ ಇರುವುದು ಬಟ್ಟೆ ಬದಲಿಸುವ ಕೋಣೆಯಿಂದ ಕೊಳದ ಅಂಚಿನವರೆಗಿನ ಇಪ್ಪತ್ತು ಹೆಜ್ಜೆಯಲ್ಲಿ. ಚಿಲಕವಿಲ್ಲದ ಬಾಗಿಲು, ಎದುರಿಗೆ ಕಾಯುತ್ತ ಕೂತ ಅಣ್ಣಂದಿರ ಸಾಲು. ಅಂಚಿನವರೆಗೆ ಟವೆಲ್ ಸುತ್ತಿಕೊಂಡು ಬರಬಹುದು, ಬಾಗಿಲಿಗೆ ಚಿಲಕ ಇರುತ್ತದೆ, ಹೆಣ್ಣು ತರಬೇತುದಾರರು ಇರುತ್ತಾರೆ ಎಂಬ ಮೂರು ಮಾತಿಗೆ ಹೆಚ್ಚು ಖರ್ಚಿಲ್ಲ. ಹತ್ತು ದಾಟಿದವರಿಗೆ ಬೇರೆ ಹೊತ್ತು ಬೇಕೇ ಎಂದು ಕೇಳಬೇಕಾದದ್ದು ಆ ಮಕ್ಕಳನ್ನೇ. ಪಾಲಕರ ಅಭಿಪ್ರಾಯದ ಮೇಲೆ ಇಷ್ಟು ಮಾತಾಡುವ ನಾವು ಮಕ್ಕಳನ್ನು ಕೇಳಿದ್ದು ಕಡಿಮೆ. ಹುಡುಗರ ಸಂಗತಿಯಂತೂ ಯಾರ ಲೆಕ್ಕಕ್ಕೂ ಇಲ್ಲ. ಮೈ ದಪ್ಪಗಿರುವವನು, ಎದೆಯ ಮೇಲೆ ಸುಟ್ಟ ಗಾಯವಿರುವವನು, ತೊನ್ನು ಇರುವವನು ಅಂಗಿ ಬಿಚ್ಚು ಎಂದರೆ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತಾನೆ. ಮೈಗಂಟುವ ತೋಳಿನ ಈಜಂಗಿ ಅವನಿಗೂ ಬೇಕು. ಕೊರಳ ಶಿವದಾರ, ಜನಿವಾರ, ತಾಯಿತಗಳ ತಕರಾರೂ ಅದರಿಂದಲೇ ತೀರುತ್ತದೆ: ದಾರ ಅಂಗಿಯೊಳಗೆ ಮೈಗಂಟಿ ಕೂರುತ್ತದೆ, ತೆಗೆ ಎನ್ನುವ ಪ್ರಸಂಗವೇ ಬರುವುದಿಲ್ಲ. ಕಿವಿಯ ರಿಂಗು, ಕಾಲ್ಗೆಜ್ಜೆ ಮಾತ್ರ ಮನೆಯಲ್ಲಿ ಬಿಟ್ಟು ಬರಲಿ.

ಹೊರದೇಶಗಳು ಈ ವಿಷಯಕ್ಕೆ ಕೋರ್ಟು ಹತ್ತಿವೆ. ಲೆಬನಾನ್ ಮೂಲದ ಆಸ್ಟ್ರೇಲಿಯಾದ ಅಹೆದಾ ಝನೆಟ್ಟಿ 2004ರಲ್ಲಿ ಬುರ್ಕಿನಿ ರೂಪಿಸಿದಾಗ ಅದು ಹುಡುಗಿಯರನ್ನು ನೀರಿಗೆ ತರುವ ಸಾಧನವಾಗಿತ್ತು. 2016ರ ಬೇಸಿಗೆಯಲ್ಲಿ ಫ್ರಾನ್ಸಿನ ಕೆಲವು ಕಡಲೂರುಗಳು ಅದನ್ನೇ ನಿಷೇಧಿಸಿದವು, ಆಗಸ್ಟ್ 26ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅಂಥ ಒಂದು ನಿಷೇಧಕ್ಕೆ ತಡೆ ಕೊಟ್ಟಿತು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಮಹಿಳಾ ತಂಡಕ್ಕೆ ಬಿಕಿನಿ ಬಿಟ್ಟು ಚಡ್ಡಿ ತೊಟ್ಟದ್ದಕ್ಕೆ 1500 ಯೂರೊ ದಂಡ ಬಿತ್ತು. ಎರಡೂ ಕಡೆ ಹೆಚ್ಚು ಮುಚ್ಚಿದ್ದೇ ತಪ್ಪಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಪ್ರಕರಣ ನಮಗೆ ಹತ್ತಿರದ್ದು. ಟರ್ಕಿ ಮೂಲದ ದಂಪತಿ ಗಂಡುಮಕ್ಕಳ ಜತೆಗಿನ ಈಜು ತರಗತಿಗೆ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಮೈತುಂಬ ಉಡುಗೆ ತೊಡಬಹುದು, ಬೇರೆ ಸ್ನಾನದ ಕೋಣೆ ಇದೆ ಎಂದು ಶಾಲೆ ಹೇಳಿದರೂ ಒಪ್ಪಲಿಲ್ಲ. 1400 ಫ್ರಾಂಕ್ ದಂಡ ಬಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರ ಜನವರಿ 10ರಂದು ಶಾಲೆಯ ಪರ ನಿಂತಿತು. ತೀರ್ಪಿನ ತರ್ಕ ನನಗೆ ಒಪ್ಪಿಗೆ: ಮೊದಲು ಎಲ್ಲ ಅನುಕೂಲ ಕೊಡು, ಆಮೇಲೆ ಕಲಿಕೆ ಬಿಡಬೇಡ ಎನ್ನು. ಆದರೆ ಅದನ್ನು ಎತ್ತಿ ತಂದು ಇಲ್ಲಿ ಇಡಲಾಗದು. ಅಲ್ಲಿ ಈಜು ಪ್ರತಿ ಮಗುವಿನ ಪಾಠ. ಇಲ್ಲಿ ಅದು ದುಡ್ಡಿದ್ದ ಶಿಬಿರದ ನಾಲ್ಕು ದಿನದ ಸಂಭ್ರಮ. ಅನುಕೂಲವನ್ನೇ ಕೊಡದವರು ಪಾಲಕರನ್ನು ಹಿಂದುಳಿದವರು ಎಂದು ಬೈಯುವ ಹಕ್ಕು ಗಳಿಸಿರುವುದಿಲ್ಲ.

ಇಷ್ಟಕ್ಕೂ ಈ ಐದು ಊರುಗಳಲ್ಲಿ ಈಜಿನ ಪ್ರಶ್ನೆ ಕೊಳದ್ದಲ್ಲ, ಖಣಿಯದು. ಶಹಾಬಾದಿನ ಪರಸಿ ಕಲ್ಲು ಊರ ಹೆಸರನ್ನೇ ಹೊತ್ತು ದೂರದೂರದ ಮನೆಗಳಿಗೆ ನೆಲಹಾಸಾಗಿ ಹೋಗಿದೆ. ಕಲ್ಲು ಪದರ ಪದರವಾಗಿ ಎದ್ದು ಹೋದ ಮೇಲೆ ಉಳಿಯುವುದು ಮೆಟ್ಟಿಲಿನಂಥ ಅಂಚುಗಳಿರುವ ಗುಂಡಿ. ಮಳೆನೀರು ತುಂಬಿ ಬೇಸಿಗೆಯಲ್ಲೂ ನಿಲ್ಲುತ್ತದೆ. ಮೊದಲ ಮೆಟ್ಟಿಲಿಗೆ ಮಂಡಿ ಮಟ್ಟ, ಎರಡನೆಯದಕ್ಕೆ ಸೊಂಟ, ಮೂರನೆಯದು ಕಾಲಿಗೆ ಸಿಗುವುದೇ ಇಲ್ಲ. ಕಲ್ಲಿನ ಮೇಲೆ ಪಾಚಿ. ಎಷ್ಟೋ ಕಡೆ ಬೇಲಿಯೂ ಇಲ್ಲ. ಸೇಡಂ, ಮಳಖೇಡ, ಚಿತ್ತಾಪುರದ ಕಡೆ ಕಾಗಿಣಾ ಇದೆ. ಮರಳು ತೆಗೆದ ಕಡೆ ನದಿಯ ತಳದಲ್ಲಿ ಆಳು ಮುಳುಗುವ ಹೊಂಡಗಳು ಬಿದ್ದಿರುತ್ತವೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಭೀಮೆ, ಚಿಂಚೋಳಿಗೆ ಮುಲ್ಲಾಮಾರಿ ಮತ್ತು ಚಂದ್ರಂಪಳ್ಳಿಯ ಜಲಾಶಯ. ಬೇಸಿಗೆ ರಜೆಯಲ್ಲಿ ಶಿಬಿರ ಹನ್ನೊಂದಕ್ಕೆ ಮುಗಿದರೆ ಹುಡುಗರು ಮಧ್ಯಾಹ್ನ ಎಲ್ಲಿರುತ್ತಾರೆ ಎಂದು ಕೇಳಬೇಕಾಗಿಲ್ಲ.

ಹುಡುಗರು ಚಡ್ಡಿಯಲ್ಲೋ ಬತ್ತಲೆಯೋ ಜಿಗಿಯುತ್ತಾರೆ. ಹೆಣ್ಣುಮಕ್ಕಳು ಆಟಕ್ಕೆ ಹೋಗುವುದಿಲ್ಲ, ಅವ್ವನ ಜತೆ ಬಟ್ಟೆ ಒಗೆಯಲು ಹೋಗುತ್ತಾರೆ, ಮೈತುಂಬ ಬಟ್ಟೆ ತೊಟ್ಟೇ ಹೋಗುತ್ತಾರೆ. ಕಾಲು ಜಾರುವುದು ಆಗ. ಒದ್ದೆ ಬಟ್ಟೆ ಭಾರವಾಗಿ ಎಳೆದುಕೊಂಡು ಹೋಗುತ್ತದೆ ಎಂದು ಜನ ನಂಬಿದ್ದಾರೆ. ನಿಜಕ್ಕೂ ನೀರಿನೊಳಗೆ ಬಟ್ಟೆ ಅಷ್ಟು ತೂಗುವುದಿಲ್ಲ. ಪರಕಾರ, ಓಢಣಿ ಕಾಲಿಗೆ ಸುತ್ತಿಕೊಂಡು ಒದೆಯಲು ಬಿಡುವುದಿಲ್ಲ. ಅಂಚು ಹಿಡಿದು ಮೇಲೆ ಬರುವಾಗ ಮಾತ್ರ ನೀರು ಕುಡಿದ ಬಟ್ಟೆ ಕೆಳಕ್ಕೆ ಜಗ್ಗುತ್ತದೆ. ಗಾಬರಿ ಉಳಿದ ಕೆಲಸ ಮುಗಿಸುತ್ತದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಕೂಸುಗಳು. ಭಾರತದ ಆರೋಗ್ಯ ಸಚಿವಾಲಯವೂ 2023ರ ಡಿಸೆಂಬರ್‌ನಲ್ಲಿ ಮುಳುಗಡೆ ಸಾವು ತಡೆಯುವ ಕಾರ್ಯನೀತಿ ಹೊರತಂದಿತು. ಅದರ ಗಾಳಿ ನಮ್ಮ ಬೇಸಿಗೆ ಶಿಬಿರಗಳಿಗೆ ಸೋಕಿದ ಹಾಗೆ ಕಾಣುವುದಿಲ್ಲ.

ನೀರನ್ನು ಮೊದಲಿಟ್ಟು ಬಟ್ಟೆಯನ್ನು ಆಮೇಲೆ ಯೋಚಿಸಿದವರು ಇದ್ದಾರೆ. ಬಾಂಗ್ಲಾದೇಶದ ಸ್ವಿಮ್‌ಸೇಫ್ ಕಾರ್ಯಕ್ರಮ ಹಳ್ಳಿಯ ಕೆರೆಯಲ್ಲೇ ಬಿದಿರಿನ ಅಟ್ಟ ಕಟ್ಟಿ, ದಿನನಿತ್ಯದ ಬಟ್ಟೆಯಲ್ಲಿ ಬಂದ ಮಕ್ಕಳಿಗೆ ಈಜು ಕಲಿಸಿತು. ಗುರಿ ಪದಕ ಆಗಿರಲಿಲ್ಲ: 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ಮುಳುಗುವವನಿಗೆ ದಡದಿಂದಲೇ ಕೋಲು ಚಾಚಬೇಕು. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಅಪಾಯ ಶೇ 90ಕ್ಕಿಂತ ಹೆಚ್ಚು ತಗ್ಗಿದ್ದನ್ನು ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಮೊದಲ ಈಜು ಪ್ರಮಾಣಪತ್ರದ ಪರೀಕ್ಷೆಯಲ್ಲೇ ಅಂಗಿ, ಪ್ಯಾಂಟು, ಬೂಟು ತೊಟ್ಟು ನೀರಿಗಿಳಿಯುವ ಭಾಗವಿದೆ, ಕಾಲುವೆಗೆ ಬೀಳುವ ಮಗು ಈಜುಡುಗೆ ತೊಟ್ಟು ಬೀಳುವುದಿಲ್ಲ ಎಂಬ ಲೆಕ್ಕದಲ್ಲಿ. ಜಪಾನಿನ ಶಾಲೆಗಳು ಬಟ್ಟೆ ತೊಟ್ಟೇ ಅಂಗಾತ ತೇಲುತ್ತ ಸಹಾಯಕ್ಕೆ ಕಾಯುವುದನ್ನು ಕಲಿಸುತ್ತವೆ. ಯಾವ ಉಡುಗೆ ಸಭ್ಯ ಎಂಬ ಪ್ರಶ್ನೆಯನ್ನು ಇವರು ಯಾರೂ ಬಿಡಿಸಲಿಲ್ಲ, ಪಕ್ಕಕ್ಕಿಟ್ಟರು. ಮಗಳಿಗೆ ಚೂಡಿದಾರವೇ ಇರಲಿ ಎನ್ನುವ ಶಹಾಬಾದಿನ ಪಾಲಕರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಸರಿ, ಚೂಡಿದಾರದಲ್ಲೇ ತೇಲುವುದನ್ನು ಕಲಿಸುತ್ತೇವೆ, ಒಗೆದ ಸ್ವಚ್ಛ ಜೋಡಿ ಕಳಿಸಿ, ಓಢಣಿ ಬೇಡ. ಕೊಳದವರು ಒಪ್ಪದಿದ್ದರೆ ಕೊನೆಯ ದಿನದ ಕೊನೆಯ ಅರ್ಧ ಗಂಟೆಯನ್ನಾದರೂ ಅದಕ್ಕೆ ಕೇಳಿ ಪಡೆಯಬಹುದು.

ನಮ್ಮ ಸಂಸ್ಕೃತಿಯಲ್ಲಿ ಹೆಣ್ಣುಮಕ್ಕಳು ಈಜುತ್ತಿರಲಿಲ್ಲ ಎನ್ನುವವರು ಕಾಗಿಣಾ ದಂಡೆಯ ಊರುಗಳ ಅಜ್ಜಿಯರನ್ನು ಕೇಳಬೇಕು. ಬಾವಿಯಲ್ಲಿ ಬೆನ್ನಿಗೆ ಎಣ್ಣೆ ಡಬ್ಬಿಯೋ ಒಣಗಿದ ಸೋರೆಬುರುಡೆಯೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಕಾಕಾನೋ ಸೋದರಮಾವನೋ ಮೇಲಿನಿಂದ ಹಗ್ಗ ಹಿಡಿದು ಈಸು ಕಲಿಸುತ್ತಿದ್ದ. ಪರಕಾರವನ್ನು ಕಚ್ಚೆಯಂತೆ ಸಿಕ್ಕಿಸಿಕೊಂಡು ಹುಡುಗಿಯರೂ ಇಳಿಯುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂತು, ಬಾವಿಗಳು ಕಸದ ಗುಂಡಿಯಾದವು, ಮಾವಂದಿರು ಬೆಂಗಳೂರು, ಪುಣೆಗೆ ದುಡಿಯಲು ಹೋದರು. ಕಲಿಸುವ ಜಾಗವೂ ಹೋಯಿತು, ಕೈಯೂ ಹೋಯಿತು, ನೀರು ಮಾತ್ರ ಉಳಿದಿದೆ. ಈಗಿನ ಬಿಗಿಯನ್ನು ಪರಂಪರೆ ಎಂದು ಕರೆಯುವುದು ಅಜ್ಜಿಯರಿಗೆ ಮಾಡುವ ಅನ್ಯಾಯ.

ಒಳ್ಳೆಯ ನಿಯಮ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮಗಳಲ್ಲಿ ಮಕ್ಕಳಿಗೆ ಹೇಳುವುದು ಇಷ್ಟೇ: ಕಣ್ಣು ಕುಕ್ಕುವ ಬಣ್ಣ ಬೇಡ, ಬೂಟು ಇರಲಿ, ಟೋಪಿ ಇರಲಿ. 2011ರಲ್ಲಿ ವನ್ಯಧಾಮವಾದ ಚಿಂಚೋಳಿಯ ಕಾಡಿಗೆ ಹೋಗುವ ಮಗುವಿಗೆ ಬೂಟು ಏಕೆ ಎಂದು ಯಾವ ಪಾಲಕರೂ ವಾದಿಸುವುದಿಲ್ಲ. ಮುಳ್ಳಿದೆ, ಹಾವಿದೆ, ಕಾರಣ ಕಣ್ಣೆದುರಿಗಿದೆ. ನಿಯಮ ಹುಡುಗ ಹುಡುಗಿ ಇಬ್ಬರಿಗೂ ಒಂದೇ. ರಂಗಶಿಬಿರಗಳಲ್ಲೂ ಇದನ್ನು ಕಂಡಿದ್ದೇನೆ. ಪಾತ್ರಕ್ಕೆ ಬೇಕು ಎಂದರೆ ಹುಡುಗ ಸೀರೆ ಉಡುತ್ತಾನೆ, ಹುಡುಗಿ ಮೀಸೆ ಹಚ್ಚಿ ಧೋತರ ಉಡುತ್ತಾಳೆ, ಮುಂದಿನ ಸಾಲಿನಲ್ಲಿ ಕೂತ ಅಪ್ಪ ಚಪ್ಪಾಳೆ ಹೊಡೆಯುತ್ತಾನೆ. ಬಟ್ಟೆಗೆ ಕಾರಣ ಕೊಟ್ಟರೆ ನಮ್ಮ ಮಂದಿ ಒಪ್ಪುತ್ತಾರೆ. ಕಾರಣ ಕೊಡದೆ ಕಡ್ಡಾಯ ಎಂದರೆ ಹಿಂದೆ ಸರಿಯುತ್ತಾರೆ, ಸರಿಯುವಾಗ ಮಗಳ ಕೈ ಹಿಡಿದುಕೊಂಡೇ ಸರಿಯುತ್ತಾರೆ.

ಆದ್ದರಿಂದ ಶಿಬಿರ ನಡೆಸುವವರಲ್ಲಿ ನನ್ನ ಕೇಳಿಕೆ ಇದು. ಮುಂದಿನ ಏಪ್ರಿಲ್‌ಗೆ ಚೀಟಿ ಅಚ್ಚಿಗೆ ಕೊಡುವ ಮುಂಚೆ ಒಂದು ಸಂಜೆ ಪಾಲಕರ ಸಭೆ ಕರೆಯಿರಿ, ಅಪ್ಪಂದಿರ ಜತೆ ತಾಯಂದಿರೂ ಬರುವ ಹೊತ್ತಿಗೆ ಕರೆಯಿರಿ. ಸಭ್ಯ ಎಂಬ ಮಾತು ತೆಗೆದು, ನೆಲಕ್ಕೆ ಹತ್ತಿ, ನೀರಿಗೆ ನೈಲಾನ್ ಅಥವಾ ಲೈಕ್ರಾ, ಉದ್ದ ನಿಮ್ಮಿಷ್ಟ ಎಂದು ಬರೆಯಿರಿ. ಕೊಳ್ಳಲಾಗದ ಮಕ್ಕಳಿಗೆ ಶಿಬಿರವೇ ನಾಲ್ಕಾರು ಜೋಡಿ ಇಟ್ಟುಕೊಳ್ಳಲಿ, ಆ ಟೀ ಶರ್ಟಿನ ದುಡ್ಡು ಇದಕ್ಕೆ ಸಾಕಾಗುತ್ತದೆ. ಪುರಸಭೆ, ನಗರಸಭೆ, ಸಿಮೆಂಟ್ ಕಾರ್ಖಾನೆಗಳು ಹೆಣ್ಣು ತರಬೇತುದಾರರನ್ನು ಒದಗಿಸುವ, ಹಾಳು ಖಣಿಗಳಿಗೆ ಬೇಲಿ ಹಾಕಿಸುವ ಹೊಣೆ ಹೊರಬೇಕು. ಪಾಲಕರೇ, ನೀವೂ ಗೇಟಿನಲ್ಲಿ ಉಡುಗೆಯ ಉದ್ದ ಕೇಳುವ ಮೊದಲು ಕೊಳದ ಆಳ ಎಷ್ಟು, ಕಾಯುವವರು ಎಷ್ಟು ಜನ, ಮೊಬೈಲ್ ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ. ಉತ್ತರ ಸರಿಯಿದ್ದರೆ ಮಗನ ಹೆಸರಿನ ಕೆಳಗೆ ಮಗಳ ಹೆಸರನ್ನೂ ಬರೆಸಿ.